ಹೆಳವನ ದನಿ

ಊಟ ಬಲ್ಲವನಿಗೆ ರೋಗವಿಲ್ಲ, ದನಿ ಬಲ್ಲವನಿಗೆ ದೆವ್ವವಿಲ್ಲ ಅಂತಿದ್ದವ ನಾನು, ಯಾರ ದನಿಯನ್ನಾದರೂ ಅಣಕಿಸಬಲ್ಲವ. ಇದು ಮಾತ್ರ ನಡೆದದ್ದು, ೧೯೯೭ರಲ್ಲಿ, ಗುಡೇಕೋಟೆಯಲ್ಲಿ.

ಗೆಳೆಯ ಮಾರಣ್ಣನಿಗೆ ಅವನ ಅಜ್ಜನ ಅಜ್ಜನ ಹೆಸರು ಬೇಕಿತ್ತು. ಅಮಾಸಿಗೆ ಹಿರೇರಿಗೆ ಎಡೆ ಇಡುವಾಗ ಹೆಸರಿಲ್ಲದ ಆ ಒಂದು ಎಡೆ ನೋಡಿ ಅಜ್ಜಿ ಗಾಳೆಮ್ಮ ಅಳುತ್ತಿದ್ದಳು. ಕಚೇರಿಗೆ ಅಲೆದರೆ, "ಹಳೇ ಕಾಗದ ಗೆದ್ದಲು ತಿಂದಾವ್ರಿ" ಅಂದರು. ಗಂಟೆ ಬಾರಿಸುತ್ತ ಎತ್ತಿನ ಮೇಲೆ ಬಂದು ಮನೆತನದ ಹಿರೇರ ಹೆಸರು ಹಾಡುವ ಹೆಳವ ಈ ಕಡೆ ಬಂದು ವರ್ಷಗಳಾಗಿದ್ದವು.

ಒಂದು ಮಧ್ಯಾಹ್ನ ಅಜ್ಜಿ, ಮೊಮ್ಮಗ ಕಟ್ಟೆ ಮೇಲೆ ಕೂತಿದ್ದಾಗ, ಹಿಂದಿನ ಖಾಲಿ ಕೊಟ್ಟಿಗೆ ಹೊಕ್ಕು ಗಂಟೆ ಬಾರಿಸಿ ಹೆಳವನ ದನಿ ತೆಗೆದೆ. "ಮಾರಣ್ಣನ ಅಪ್ಪ ಚೌಡಣ್ಣ, ಚೌಡಣ್ಣನ ಅಪ್ಪ ಗಾದಿಲಿಂಗ, ಗಾದಿಲಿಂಗನ ಅಪ್ಪ ಹನುಮ, ಹನುಮನ ಅಪ್ಪ..."

ನಗಿಸಲು ಮಂಗ್ಯಾ ಅನ್ನಬೇಕಂತಿದ್ದೆ.

"ಕರೇ ಓಬಯ್ಯ" ಅಂತು ನನ್ನ ಬೆನ್ನ ಹಿಂದೆ, ನನ್ನದೇ ಹೆಳವನ ದನಿ. ಕತ್ತಿಗೆ ಎತ್ತಿನ ಬಿಸಿ ಉಸಿರು ತಾಗಿತು. ಸದ್ದಾಗದಂತೆ ನಾಲಿಗೆ ಬಿಗಿಹಿಡಿದಿದ್ದ ಗಂಟೆ ನನ್ನ ಮುಷ್ಟಿಯೊಳಗೇ ಢಣ್ ಅಂತು.

ಹೊರಗೋಡಿ ಬಂದೆ. ಗಾಳೆಮ್ಮ ಕೈಮುಗಿದಿದ್ದಳು. "ಹೌದಪಾ, ಕರೇ ಓಬಯ್ಯ. ನಮ್ಮತ್ತಿ ಹಂಗ ಅಂತಿದ್ಲು, ಮರತೇ ಬಿಟ್ಟಿದ್ದೆ."

"ನಿನ್ನ ಆಟ ನಂಗ ಗೊತ್ತಾಗಂಗಿಲ್ಲೇನಲೇ?" ಅಂದ ಮಾರಣ್ಣ. "ಆದ್ರ ಕಡೀ ಹೆಸರಿಗೆ ಇಬ್ಬರ ದನಿ ಹೆಂಗ ತಗದಿ?"

ಆ ಹೆಸರಿಗೆ ನಾನು ಬಾಯೇ ತೆರೆದಿರಲಿಲ್ಲ; ನನಗೆ ಕೇಳಿದ್ದೂ ಒಂದೇ ದನಿ. ಮಾರಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಇದ್ದ.