ಲೈನಿಂಗ್ ಹಾಕಿದ ಶನಿವಾರ

"ಕೈ ತೆಗೀಬೇಡ! ತೆಗೆದ್ರೆ ಪೂರ್ತಿ ಕಿತ್ಕೊಂಡು ಬರುತ್ತೆ!"

ದನಿ ಬಂದದ್ದು ಅವಳ ಬೆನ್ನ ಹಿಂದಿನಿಂದ.

ಏಳು ವರ್ಷಗಳಿಂದ ಕೇಳಿರದ ದನಿ. ಆದರೂ ತಿರುಗಿ ನೋಡುವ ಮೊದಲೇ ಗುರುತು ಹತ್ತಿತು... ಹಾಳು ಕಿವಿ!

ಅವಳು ಕಾರಿನ ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ಕೂತಿದ್ದಳು. ಎರಡೂ ಕೈ ತಲೆಯ ಮೇಲೆ. ಮಡಚುವ ಟಾಪಿನ, ಅಂದರೆ ಕಾರಿನ ಬಟ್ಟೆ ಚಾವಣಿಯ, ಒಳಮೈಗೆ ಹೊಸ ಲೈನಿಂಗ್ ಬಟ್ಟೆ ಅಂಟಿಸುತ್ತಿದ್ದಳು. ಇದ್ದ ಕ್ಲಿಪ್ಪುಗಳೆಲ್ಲ ಮುಂದಿನ ಅಂಚಿಗೇ ಖರ್ಚಾಗಿದ್ದವು. ಹಿಂದಿನ ಅಂಚನ್ನು ಅಂಗೈಯಲ್ಲೇ ಒತ್ತಿ ಹಿಡಿಯಬೇಕಿತ್ತು.

"ನಾಳೆ ಬರ್ತೀನಿ ಅಂತ ಅಲ್ವಾ ನೀನು ಮೆಸೇಜ್ ಹಾಕಿದ್ದು..." ಅವಳು ಶೆಡ್ಡಿನ ಗೋಡೆ ನೋಡುತ್ತಲೇ ಅಂದಳು.

"ಡ್ಯೂಟಿ ಬದಲಾಯ್ತು. ಇವತ್ತೇ ಬಂದೆ." ಅವನು ಒಳಗೆ ಬಗ್ಗಿ ನೋಡಿದ. "ಗಮ್ ಒಣಗೋಕೆ ಬಿಡಲಿಲ್ವಾ? ಬೆರಳಿಗೆ ಅಂಟದ ಹಾಗೆ ಆದ್ಮೇಲೆ ಒತ್ಬೇಕು."

"ನಿನ್ನ ಕೇಳಿದ್ನಾ?"

ಅಷ್ಟರಲ್ಲಿ ಇನ್ನೊಂದು ಮೂಲೆ ಮೆಲ್ಲಗೆ ಜಾರತೊಡಗಿತು. ಅವಳಿಗೆ ಮೂರನೇ ಕೈ ಇರಲಿಲ್ಲ. ಅವನು ಒಳಗೆ ಬಂದು, ಪಕ್ಕದಲ್ಲೇ ಮೊಣಕಾಲೂರಿ, ಆ ಮೂಲೆಯನ್ನು ಒತ್ತಿ ಹಿಡಿದ.

ಈಗ ಇಬ್ಬರೂ ಒಂದೇ ಬಟ್ಟೆಗೆ ಕೈ ಒತ್ತಿ ಸಿಕ್ಕಿಬಿದ್ದಿದ್ದರು!

ಅವನು ರೈಲು ಓಡಿಸುವವನು. ಅವಳು ಯೂನಿಫಾರ್ಮ್ ಅಂಗಡಿಯಲ್ಲಿ ಹೊಲಿಯುವವಳು. ಕಾರು ಅವನ ತಾತನದು. ಕ್ವಾರ್ಟರ್ಸಿನಲ್ಲಿ ಜಾಗವಿಲ್ಲವೆಂದು ಇವಳ ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದ. ರಜೆ ಬಂದರೆ ಸಾಕು, ಇಬ್ಬರೂ ಅದರ ಕೆಳಗೋ ಒಳಗೋ ಇರುತ್ತಿದ್ದರು. ಆಮೇಲೆ ಅವನಿಗೆ ವರ್ಗವಾಯಿತು. ಹೋದವನು ಕಾರಿಗಾಗಿಯೂ ಬರಲಿಲ್ಲ, ಅವಳಿಗಾಗಿಯೂ ಬರಲಿಲ್ಲ.

ಕಳೆದ ವಾರ ಒಂದೇ ಸಾಲಿನ ಮೆಸೇಜ್. 'ಈಗ ಜಾಗವಿರುವ ಮನೆ ಸಿಕ್ಕಿದೆ. ಭಾನುವಾರ ಬಂದು ಕಾರು ತಗೊಂಡು ಹೋಗ್ತೀನಿ.'

ಶೆಡ್ಡಿಗೆ ಬಂದು ನೋಡಿದರೆ ಹಳೆಯ ಲೈನಿಂಗ್ ಹರಿದು, ಸೀಟಿನ ಮೇಲೆ ಜೋತುಬಿದ್ದಿತ್ತು.

'ಚಿಂದಿ ಮಾಡಿ ಕೊಟ್ಟಳು ಅಂತ ಅವನ ಬಾಯಲ್ಲಿ ಅನ್ನಿಸ್ಕೊಳ್ಳಲ್ಲ ನಾನು!'

ಅಕ್ಕನಿಗೂ ಹೇಳದೆ ಕೆಲಸ ಶುರು ಮಾಡಿದ್ದಳು. ಹಳೆಯದನ್ನು ಬಿಚ್ಚಿ, ಅದನ್ನೇ ಅಳತೆಗಿಟ್ಟು ಹೊಸ ಬಟ್ಟೆ ಕತ್ತರಿಸಿ, ಟಾಪಿನ ಕಂಬಿಗಳು ತೂರಲು ಉದ್ದಕ್ಕೆ ಕೊಳವೆಯಂಥ ನೇಫೆಗಳನ್ನು ಹೊಲಿದಿದ್ದಳು. ಒಮ್ಮೆ ತಲೆಕೆಳಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಹೊಲಿಯುತ್ತ ಅತ್ತಿದ್ದು ಮಾತ್ರ ಹೊಲಿಗೆ ಕೆಟ್ಟಿದ್ದಕ್ಕಲ್ಲ.

"ಹೊಲಿಗೆ ಚೆನ್ನಾಗಿದೆ," ಅವನು ಮೇಲೆ ನೋಡುತ್ತ ಅಂದ.

"ನಿನ್ನ ಹೆಂಡತಿ ಬಂದಿಲ್ವಾ?"

"ಬಿಟ್ಟು ಹೋಗಿ ನಾಲ್ಕು ವರ್ಷ ಆಯ್ತು." ಅವನ ದನಿಯಲ್ಲಿ ದೂರಿರಲಿಲ್ಲ. "ಅವಳದ್ದೇನೂ ತಪ್ಪಿಲ್ಲ. ಮನಸ್ಸಿಲ್ಲದೋನ ಜೊತೆ ಎಷ್ಟು ದಿನ ಇರ್ತಾಳೆ? ಪಾಪ... ನಿನ್ನ ಗಂಡ? ನೀನು ಹೊಲಿಯೋ ಅಂಗಡಿ ಸಾಹುಕಾರರ ಮಗ?"

ಅವಳ ಕೈ ಸಡಿಲವಾಯಿತು. ಬಟ್ಟೆ ಜಗ್ಗಿತು.

"ಯಾರ ಗಂಡ?"

"ಒತ್ತಿ ಹಿಡಿ!... ಅವನನ್ನ ಒಪ್ಕೊಂಡಿದ್ದೆ ಅಲ್ವಾ ನೀನು? ವರ್ಗ ಆದ ವಾರ ನಿನ್ನನ್ನ ಕೇಳೋಕೆ ಅಂತಾನೇ ಬಂದಿದ್ದೆ. ನೀನು ಅಂಗಡೀಲಿದ್ದೆ. ನಿಮ್ಮಕ್ಕ ಬಾಗಿಲಲ್ಲೇ ಹೇಳಿದ್ರು, ಮದುವೆ ಮಾತು ಮುಗಿದಿದೆ, ಇನ್ನು ಅವಳನ್ನ ಕಾಡಬೇಡ ಅಂತ."

ಅವಳು ಸರಕ್ಕನೆ ಅವನತ್ತ ತಿರುಗಿದಳು.

"ಅಕ್ಕ ನನಗೆ ಹೇಳಿದ್ದೇ ಬೇರೆ... 'ಅವನು ಬಂದಿದ್ದ ಪುಟ್ಟೀ, ವರ್ಗ ಆಯ್ತಂತೆ, ನಿನ್ನನ್ನ ಕಾಯಬೇಡ ಅಂತ ಹೇಳಿ ಹೋದ' ಅಂದಳು."

ಗಮ್ಮಿನ ಘಾಟು ಮೂಗಿಗೆ ಏರುತ್ತಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವನು ನೋಡಿದ. ಅವನ ಕೈಗೂ ಬಿಡುವಿರಲಿಲ್ಲ.

"ಪುಟ್ಟೀ, ಕಾಫಿ ತಂದಿದೀನಿ. ಬೆಳಗ್ಗೆಯಿಂದ ಆ ಗುಜರಿ ಒಳಗೆ ಏನೇ ಮಾಡ್ತಿದೀಯ?"

ಅಕ್ಕ. ಮನೆಯಲ್ಲೇ ಬ್ಯೂಟಿಪಾರ್ಲರ್ ನಡೆಸುವ, ಬೀದಿಯ ಹೆಂಗಸರನ್ನೆಲ್ಲ ನಗಿಸಿ ಕಳಿಸುವ ಅಕ್ಕ. ಕಾರಿನೊಳಗೆ ಇಬ್ಬರನ್ನು ಕಂಡು ಕಲ್ಲಿನಂತೆ ನಿಂತಳು. ಲೋಟ ವಾಲಿ ಕಾಫಿ ಕೈಮೇಲೆ ಚೆಲ್ಲಿದರೂ ಅವಳಿಗೆ ಗೊತ್ತಾಗಲಿಲ್ಲ.

ತಂಗಿ ಮೆಲ್ಲಗೆ ಕೆಳಗಿಳಿದಳು. ಬಟ್ಟೆ ಅಷ್ಟರಲ್ಲಿ ಕಚ್ಚಿಕೊಂಡಿತ್ತು.

"ಯಾಕೆ ಅಕ್ಕಾ?"

ಅಕ್ಕ ಸುಳ್ಳು ಹೇಳಲಿಲ್ಲ. ಲೋಟವನ್ನು ನೆಲದ ಮೇಲಿಟ್ಟಳು.

"ಅಮ್ಮ ಹೋದಾಗ ನೀನು ಎಷ್ಟು ಚಿಕ್ಕೋಳು... ನಿನಗೋಸ್ಕರ ನನಗೆ ಬಂದ ಸಂಬಂಧಗಳನ್ನೆಲ್ಲ ಬೇಡ ಅಂದೆ. ಅದಕ್ಕೆ ಯಾವತ್ತೂ ದುಃಖ ಪಟ್ಟಿರಲಿಲ್ಲ ಕಣೇ. ಆದ್ರೆ ಇವನು ಬಂದಾಗೆಲ್ಲ ನಿನ್ನ ಮುಖ ಒಂಥರಾ ಆಗ್ತಿತ್ತು. ನನ್ನ ನೋಡಿ ಯಾರ ಮುಖಾನೂ ಹಾಗಾಗಿಲ್ಲ. ಹೊಟ್ಟೆ ಉರೀತು. ಮನೆ ಖಾಲಿ ಆಗುತ್ತೆ ಅಂತ ಭಯಾನೂ ಆಯ್ತು. ಒಂದು ತಿಂಗಳಾದ್ಮೇಲೆ ನಿಜ ಹೇಳೋಣ ಅಂದ್ಕೊಂಡೆ. ಇವನ ಮದುವೆ ಸುದ್ದಿ ಬಂತು. ಆಮೇಲೆ ಹೇಳೋಕೆ ಬಾಯಿ ಎಲ್ಲಿಂದ ಬರುತ್ತೆ?"

"ನಾನು ಅಳ್ತಿದ್ದಾಗ ತಲೆ ಸವರ್ತಿದ್ದೋಳು ನೀನೇ ಅಲ್ವಾ ಅಕ್ಕಾ?"

"ಹೌದು..."

"ಆ ಕೈನ ಈಗ ಏನು ಅಂದ್ಕೊಳ್ಳಲಿ ನಾನು? ಹೇಳು!"

ಅಕ್ಕ ಕ್ಷಮಿಸು ಎನ್ನಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಹೋದಳು. ಪಾರ್ಲರಿನ ಹಿಂಬಾಗಿಲು ಹಾಕಿಕೊಂಡ ಸದ್ದಾಯಿತು.

ಅವನು ಅವಳ ಹತ್ತಿರ ಬಂದ. ಅವಳು ಹಿಂದೆ ಸರಿದಳು.

"ನಿನ್ನ ಮೇಲೂ ಕೋಪ ಇದೆ ನನಗೆ! ಅವಳೇನೋ ಅಂದಳು, ನೀನು ನಂಬಿಬಿಟ್ಟೆ. ಅಂಗಡಿ ಎಷ್ಟು ದೂರ ಇತ್ತು? ಒಂದು ಸಲ ಬಂದು ನನ್ನನ್ನೇ ಕೇಳೋಕೆ ಆಗಲಿಲ್ವಾ?"

"ನೀನು ಕೇಳಿದ್ಯಾ?"

ಅವಳು ತುಟಿ ಕಚ್ಚಿಕೊಂಡಳು. ಇಲ್ಲ. ಅವಳಿಗೂ ಜಂಬ ಅಡ್ಡ ಬಂದಿತ್ತು. ಫೋನ್ ನಂಬರ್ ಬಾಯಿಪಾಠವಿದ್ದರೂ ಒಮ್ಮೆಯೂ ಒತ್ತಿರಲಿಲ್ಲ. ಅಕ್ಕ ಒಂದು ಸುಳ್ಳು ಹೇಳಿದ್ದಳು. ಅದನ್ನು ಏಳು ವರ್ಷ ಸಾಕಿದವರು ಇವರಿಬ್ಬರೇ.

ಆಮೇಲೆ ಇಬ್ಬರೂ ಸೇರಿ ಉಳಿದ ಕೆಲಸ ಮುಗಿಸಿದರು. ಟಾಪನ್ನು ಮೊದಲ ಸಲ ಮಡಚುವಾಗ ಹೊಸ ಬಟ್ಟೆ ಕೀಲಿನ ಸಂದಿಗೆ ಸಿಕ್ಕದಂತೆ ಅವಳು ಬೆರಳಿನಿಂದ ಒಳಕ್ಕೆ ತಳ್ಳುತ್ತ ಹೋದಳು, ಅವನು ನಿಧಾನಕ್ಕೆ ಎತ್ತಿದ. ಒಂದು ಕಡೆ ಸಣ್ಣ ಸುಕ್ಕು ಉಳಿಯಿತು.

"ಬಿಚ್ಚಿ ಮತ್ತೆ ಅಂಟಿಸ್ಲಾ?" ಅವಳು ಕೇಳಿದಳು.

"ಬೇಡ. ಎಳೆದ್ರೆ ಹರಿಯುತ್ತೆ."

ಅವನು ಕಾರಿನ ಬಾಗಿಲು ಹಿಡಿದು ಅವಳತ್ತ ತಿರುಗಿದ.

"ಈಗ ನಿನ್ನನ್ನೇ ಕೇಳ್ತಿದೀನಿ. ನನ್ನ ಜೊತೆ ಬರ್ತೀಯಾ?"

ಅವಳು ಮುಚ್ಚಿದ ಪಾರ್ಲರ್ ಹಿಂಬಾಗಿಲನ್ನು ನೋಡಿದಳು. ಒಳಗಿದ್ದವಳು ಅವಳಿಗೆ ಅಮ್ಮನೂ ಆಗಿದ್ದಳು. ಅವಳ ಸುಳ್ಳನ್ನು ಇವತ್ತು ಕ್ಷಮಿಸಲೂ ಆಗದು, ಅವಳು ಸಾಕಿದ್ದನ್ನು ಮರೆಯಲೂ ಆಗದು.

"ಬರ್ತೀನಿ. ಆದ್ರೆ ಖುಷಿಯಾಗಿ ಬರ್ತಿದಾಳೆ ಅಂತ ತಿಳ್ಕೋಬೇಡ. ತುಂಬಾ ಬೇಜಾರು ಹೊತ್ಕೊಂಡು ಬರ್ತಿದೀನಿ."

"ಹೊತ್ಕೊಂಡೇ ಬಾ. ನನ್ನ ಹತ್ರಾನೂ ಬೇಕಾದಷ್ಟಿದೆ."

"ಅಷ್ಟಕ್ಕೆಲ್ಲ ಜಾಗ ಇದೆಯಾ ನಿನ್ನ ಮನೇಲಿ?"

"ಇದೆ," ಅಂದ ಅವನು. "ಸ್ವಲ್ಪ ಒತ್ಕೊಂಡು ಕೂರಬೇಕು, ಅಷ್ಟೇ."