ನಾಳೆ ನಿಕಿತಾ ಆಡ್ತಾಳೆ

ಬಿಸಿ ಎಣ್ಣೆಯಲ್ಲಿ ಕರ್ಪೂರ ಕರಗುವ ವಾಸನೆ ಬಂದರೆ ಸಾಕು, ಅಪೂರ್ವಾಗೆ ಇವತ್ತಿಗೂ ಆರನೇ ಕ್ಲಾಸಿನ ಆ ಶುಕ್ರವಾರ ನೆನಪಾಗುತ್ತದೆ.

"ಕಾಲು ಅಳ್ಳಾಡಸಬ್ಯಾಡ," ಎಂದು ಗದರುತ್ತಾ ಅಜ್ಜಿ ಗಿರಿಜಮ್ಮ ಅವಳ ಊದಿದ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಅಪ್ಪನಿಗೆ ಧಾರವಾಡದಿಂದ ವಡೋದರದ ಬ್ಯಾಂಕಿಗೆ ವರ್ಗವಾದಾಗ ಅಜ್ಜಿಯೂ ಜೊತೆಗೆ ಬಂದಿದ್ದರು. ಕೊಯಾಲಿ ಹತ್ತಿರದ ಈ ಮನೆಗೆ ಬಂದಮೇಲೆ ಅಪೂರ್ವಾ ಕಲಿತದ್ದು ಎರಡು: ಗುಜರಾತಿ ಮತ್ತು ಖೋ ಖೋ. ಎರಡನೆಯದರಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ.

ಆದರೆ ನಾಳೆ ಅವಳು ಆಡುವಂತಿಲ್ಲ. ಪಿ.ಟಿ. ಟೀಚರ್ ಚಂಪಾಬೆನ್ ಮಧ್ಯಾಹ್ನ ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಟೀಮು ಹೇಗೂ ಸೆಮಿಫೈನಲ್ ತಲುಪಿದೆ, ಅದು ಭಾನುವಾರ. ನಾಳೆಯ ಮ್ಯಾಚು ಸೋತರೂ ನಷ್ಟವಿಲ್ಲ. ಮೊಣಕಾಲಿಗೆ ರೆಸ್ಟ್ ಬೇಕು. ಅವಳ ಬದಲಿಗೆ ನಿಕಿತಾಳನ್ನು ಇಳಿಸೋಣ. ಆದರೆ ಯಾರಿಗೂ ಹೇಳಬಾರದು, ನಿಕಿತಾಗೂ ಹೇಳಬಾರದು. ಸೂರತ್‌ನಿಂದ ಬರುವ ಅಡಾಜಣ್ ಶಾಲೆಯವರು ಅಪೂರ್ವಾ ಇದ್ದಾಳೆ ಅಂತಲೇ ಹೆದರಿಕೊಂಡು ಬರಲಿ. ಅಪೂರ್ವಾ ತಲೆಯಾಡಿಸಿ ಬಂದಿದ್ದಳು.

ಅಷ್ಟರಲ್ಲಿ ನಿಕಿತಾಳೇ ಬಾಗಿಲಿಗೆ ಬಂದಳು. ಅಪೂರ್ವಾ ಮೈದಾನದಲ್ಲಿ ಮರೆತಿದ್ದ ಸ್ವೆಟರ್ ಅವಳ ಕೈಯಲ್ಲಿತ್ತು. ಟೀಮಿನಲ್ಲಿ ಹನ್ನೆರಡನೆಯವಳು ಅವಳು. ಎರಡು ವರ್ಷದಿಂದ ಎಲ್ಲರ ನೀರಿನ ಬಾಟಲಿ, ಸ್ವೆಟರ್ ಕಾಯುವುದೇ ಅವಳ ಆಟ.

"ನಾಳೆ ನಿನ್ನ ಪಪ್ಪಾ ಬರ್ತಾರಾ?" ಎಂದು ಅಪೂರ್ವಾ ಸುಮ್ಮನೆ ಕೇಳಿದಳು.

ನಿಕಿತಾ ನಕ್ಕಳು. "ನಾನು ಬಾಟಲಿ ಕಾಯೋದು ನೋಡೋಕಾ?"

ಅವಳ ಪಪ್ಪಾ ಅನಿಲ್‌ಭಾಯಿ ಸೂರತ್ ಬಳಿಯ ಹಜೀರಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ರೂಮು, ಭಾನುವಾರ ಮಾತ್ರ ಮನೆ. ಆಗೆಲ್ಲ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ರೂಮಿನ ಕೆಳಗಿನ ಅಂಗಡಿಗೆ ಏಳು ಗಂಟೆಯೊಳಗೆ ಫೋನ್ ಮಾಡಿದರೆ ಅಂಗಡಿಯವರು ಕರೆಯುತ್ತಾರಂತೆ. ನೀನು ಆಡೋ ದಿನ ಹಿಂದಿನ ಸಂಜೆ ಹೇಳು ಸಾಕು, ಶಿಫ್ಟ್ ಬದಲಾಯಿಸಿಕೊಂಡು ಬೆಳಗಿನ ಟ್ರೇನಿಗೇ ಬರ್ತೀನಿ ಎಂದಿದ್ದರಂತೆ. "ಪಾಪ, ಎರಡು ವರ್ಷದಿಂದ ಕಾಯ್ತಿದಾರೆ," ಎಂದು ತಮಾಷೆಯಂತೆ ಹೇಳಿ ನಿಕಿತಾ ಹೊರಟುಹೋದಳು.

ಅಪೂರ್ವಾ ಗಡಿಯಾರ ನೋಡಿದಳು. ಐದೂ ಮುಕ್ಕಾಲು. ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿ ಹೊಂಟಿ? ಎಣ್ಣಿ ಇನ್ನೂ ಆರಿಲ್ಲ," ಎಂದರು ಅಜ್ಜಿ.

ಚಂಪಾಬೆನ್ ಮನೆ ಮೂರು ಬೀದಿ ಆಚೆ. ಅವರು ಜಗಲಿಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಕುಂಟುತ್ತಾ ಬಂದವಳನ್ನು ನೋಡಿ ಮೊದಲು ಬೈದು, ಆಮೇಲೆ ಕೂರಿಸಿದರು. ಅಪೂರ್ವಾ ಅನಿಲ್‌ಭಾಯಿ ವಿಷಯವೆಲ್ಲ ಹೇಳಿದಳು. ಚಂಪಾಬೆನ್ ಒಪ್ಪಲಿಲ್ಲ. ಒಬ್ಬರಿಗೆ ಹೇಳಿದರೆ ಬೆಳಗಾಗುವುದರೊಳಗೆ ಊರಿಗೇ ಗೊತ್ತಾಗುತ್ತದೆ. ನಿಕಿತಾ ಗಾಬರಿಯಲ್ಲಿ ನಿದ್ದೆಗೆಡುತ್ತಾಳೆ. ದೊಡ್ಡ ಟೀಮುಗಳೂ ಹೀಗೇ ಗುಟ್ಟಾಗಿಡುತ್ತವೆ ಎಂದರು.

ಅಪೂರ್ವಾ ಉಗುರು ಕಚ್ಚಿದಳು.

"ನಾನು ಕೂರೋದು ಗುಟ್ಟು, ಸರಿ ಬೆನ್. ಆದ್ರೆ ನಿಕಿತಾ ಆಡೋದೂ ಗುಟ್ಟಾ?"

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಚಂಪಾಬೆನ್ ಒಳಗೆ ಹೋದರು. ಕೈ ತೊಳೆದು, ಸ್ಕೂಟರಿನ ಕೀ ಹಿಡಿದು ಬಂದರು. "ಹತ್ತು ಹಿಂದೆ. ಅವಳ ಮನೆ ತೋರಿಸು."

ಆ ಸಂಜೆ ಎಸ್‌ಟಿಡಿ ಬೂತಿನಲ್ಲಿ ನಿಕಿತಾ "ಪಪ್ಪಾ" ಎಂದವಳೇ ರಿಸೀವರನ್ನು ಚಂಪಾಬೆನ್ ಕೈಗೆ ಕೊಟ್ಟುಬಿಟ್ಟಳು. ಉಳಿದದ್ದನ್ನು ಚಂಪಾಬೆನ್ನೇ ಹೇಳಬೇಕಾಯಿತು. ಗುಟ್ಟು ಗುಟ್ಟಾಗಿಯೇ ಇರಲಿ ಎಂದೂ ಸೇರಿಸಿದರು.

ಮರುದಿನ ಬೆಳಿಗ್ಗೆ ಅಡಾಜಣ್ ಶಾಲೆಯ ಹುಡುಗಿಯರು ಮೈದಾನಕ್ಕೆ ಬಂದರು. ಅವರ ನೀರಿನ ಕ್ಯಾನ್ ಹೊತ್ತು ಹಿಂದೆ ಬರುತ್ತಿದ್ದವರು ಅನಿಲ್‌ಭಾಯಿ. ಸೂರತ್‌ನಿಂದ ಒಂದೇ ಟ್ರೇನು, ಒಂದೇ ಬೋಗಿ. ಮಗಳು ಆಡುತ್ತಾಳೆ ಎಂಬ ಸಂತೋಷ ಅವರ ಹೊಟ್ಟೆಯಲ್ಲಿ ಅರ್ಧ ದಾರಿಯ ಭರೂಚ್‌ವರೆಗೂ ನಿಂತಿರಲಿಲ್ಲ. ಯಾರ ಬದಲಿಗೆ, ಯಾಕೆ, ಎಲ್ಲವನ್ನೂ ಅಡಾಜಣ್ ಟೀಮಿಗೇ ಹೇಳಿಬಿಟ್ಟಿದ್ದರು. ಚಂಪಾಬೆನ್ ಹಣೆ ಹಣೆ ಚಚ್ಚಿಕೊಂಡರು.

ಅಪೂರ್ವಾ ಇಲ್ಲವೆಂದು ಗೊತ್ತಾಗಿ ಅಡಾಜಣ್‌ನವರು ಧೈರ್ಯವಾಗಿಯೇ ಆಡಿದರು. ನಿಕಿತಾ ಮೊದಲ ಸುತ್ತಿಗೇ ಇಳಿದಳು. ಕಂಬ ಸುತ್ತಿದಳು, ಜಾರಿದಳು, ಎದ್ದಳು, ಮತ್ತೆ ತಪ್ಪಿಸಿಕೊಂಡಳು. ಒಂದು ನಿಮಿಷ ಐವತ್ತು ಸೆಕೆಂಡ್ ಸಿಕ್ಕಲಿಲ್ಲ. ಔಟಾದಾಗ ಅವಳು ಸ್ಕೋರ್ ಬೋರ್ಡ್ ನೋಡಲಿಲ್ಲ, ಪಪ್ಪಾನ ಕಡೆ ನೋಡಿದಳು. ಅವರು ಕಾರ್ಖಾನೆಯ ಬೂಟಿನಲ್ಲೇ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು.

ಟೀಮು ಎರಡು ಪಾಯಿಂಟಿನಿಂದ ಸೋತಿತು.

"ಹೇಳಿದ್ದು ತಪ್ಪಾಯ್ತಾ ಬೆನ್?" ಎಂದು ಅಪೂರ್ವಾ ಮೆಲ್ಲಗೆ ಕೇಳಿದಳು.

ಮೈದಾನದ ಆ ತುದಿಯಲ್ಲಿ ಅನಿಲ್‌ಭಾಯಿ ಮಂಡಿಯೂರಿ, ಒದ್ದೆ ಕರ್ಚೀಫಿನಿಂದ ಮಗಳ ಮೊಣಕೈ ಮಣ್ಣು ಒರೆಸುತ್ತಿದ್ದರು. ಚಂಪಾಬೆನ್ ಅದನ್ನೇ ನೋಡುತ್ತಿದ್ದರು. "ಎರಡು ಪಾಯಿಂಟು ತಾನೆ," ಎಂದರು.

ಊಟದ ಗಂಟೆ ಹೊಡೆಯಿತು. ಹುಡುಗಿಯರೆಲ್ಲ ಪೂರಿ ವಾಸನೆ ಬಂದ ಕಡೆ ಓಡಿದರು. ಅಪೂರ್ವಾ ಏಳಲು ಹೋಗಿ ಕೂತಳು. ಪಕ್ಕದಲ್ಲಿ ಹನ್ನೊಂದು ಸ್ವೆಟರ್, ಹನ್ನೊಂದು ಬಾಟಲಿ. ಬಿಟ್ಟು ಹೋಗುವಂತಿರಲಿಲ್ಲ. ದೂರದಲ್ಲಿ ಪಾತ್ರೆಯ ಹಬೆ ಕಡಿಮೆಯಾಗುತ್ತಾ ಬಂತು. ಪ್ರತಿ ಮ್ಯಾಚಿನಲ್ಲೂ ನಿಕಿತಾ ಯಾವಾಗ ಊಟ ಮಾಡುತ್ತಿದ್ದಳು? ಅಪೂರ್ವಾ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೋಡಿದ್ದರೆ ತಾನೆ ನೆನಪಾಗುವುದು.

ಹಿಂದಿನಿಂದ ಹೆಜ್ಜೆ ಸದ್ದಾಯಿತು. ನಿಕಿತಾ. ಕೈಯಲ್ಲಿ ಒಂದೇ ತಟ್ಟೆ, ಪೂರಿ ಇನ್ನೂ ಉಬ್ಬಿಕೊಂಡೇ ಇತ್ತು. ತಟ್ಟೆಯನ್ನು ಅಪೂರ್ವಾಳ ತೊಡೆಯ ಮೇಲಿಟ್ಟು, ಬಾಟಲಿಗಳ ಪಕ್ಕ ಕೂತಳು.