ರೊಟ್ಟಿ ತಿನ್ನುವ ಭೈರ

“ಈ ರೋಗ ನಮ್ಮ ಮನಿಗೆ ತಂದಾಕಿ ನೀನ!”

ಓಣಿಗೆ ಕೇಳಬಾರದೆಂದು ತಲಬಾಗಿಲು ಹಾಕಿಸಿದ ಮೇಲೆಯೇ ಅನ್ನದಾನಮ್ಮ ಸೊಸೆಯ ಮೇಲೆ ಹರಿಹಾಯ್ದರು. ದಾವಣಗೆರೆಯಿಂದ ತಂದ ಸ್ಕ್ಯಾನಿಂಗ್ ಚಿತ್ರವನ್ನು ಶಾಂಭವಿ ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಅತ್ತೆಯ ಯಕೃತ್ತಿನಲ್ಲಿ ತೆಂಗಿನಕಾಯಿ ಗಾತ್ರದ ನೀರುಗುಳ್ಳೆ! ಮದುವೆಗೂ ಮುಂಚಿನಿಂದ ಅವಳು ಸಂಶೋಧನೆ ಮಾಡುತ್ತಿದ್ದುದೇ ಈ ಗುಳ್ಳೆಯ ಮೇಲೆ, ಅದನ್ನು ತರುವ ಲಾಡಿಹುಳುವಿನ ಮೇಲೆ... ಆ ರೋಗಕ್ಕೆ ಕೊಟ್ಟೂರಿನಲ್ಲಿ ಬೇರೆ ಮನೆಯೇ ಸಿಗಲಿಲ್ಲವೇ?

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಂದು ಬಸ್ಸು ಹತ್ತಿ, ಮಾಂಸದ ಅಂಗಡಿಗಳಲ್ಲಿ ಗುಳ್ಳೆಯಿರುವ ಕುರಿಯ ಯಕೃತ್ತು ಹುಡುಕುವ ಸೊಸೆ ಯಾವ ಲಿಂಗಾಯತ ಅತ್ತೆಗೆ ಬೇಕು ಹೇಳಿ! ಮನೆಗೆ ಬಂದ ಕೂಡಲೇ ಹಿತ್ತಲಲ್ಲಿ ತಲೆಯ ಮೇಲೆ ನೀರು, ಆಮೇಲೆ ಒಳಗೆ ಪ್ರವೇಶ. ಅದನ್ನೆಲ್ಲ ಶಾಂಭವಿ ನುಂಗಿಕೊಂಡಿದ್ದಳು.

“ಅತ್ತೀ, ಕುರಿ ಕಲೀಜ ಮುಟ್ಟಿದ್ರ ಇದು ಬರೂದಿಲ್ಲರಿ. ಗುಳ್ಳಿ ಇರೂ ಕಲೀಜ ನಾಯಿ ತಿಂತಂದ್ರ ಅದರ ಹೊಟ್ಟ್ಯಾಗ ಹುಳ ಬೆಳಿತಾವ. ಹುಳದ ತತ್ತಿ ನಾಯಿ ಮೈಗೆ ಅಂಟಿರ್ತಾವ. ಅಲ್ಲಿಂದ ನಮ್ಮ ಕೈಗೆ, ಬಾಯಿಗೆ...”

“ನಮ್ಮ ಭೈರನ ಮ್ಯಾಲೆ ಹೇಳ್ತಿ? ಅದು ಹುಟ್ಟಿದಾಗಿಂದ ರೊಟ್ಟಿ ಹಾಲು ಉಂಡು ಬೆಳದೈತಿ. ದಿನಾ ಹಣಿಗೆ ವಿಭೂತಿ ಹಚ್ಚೀನಿ. ಮಾಂಸ ಮೂಸಿ ಸೈತ ನೋಡೂದಿಲ್ಲ!”

ಅಳಬೇಕೋ ನಗಬೇಕೋ ತಿಳಿಯಲಿಲ್ಲ ಅವಳಿಗೆ. ಮಾಂಸದ ಅಂಗಡಿಯ ಹಿಂದೆ, ಬೀದಿನಾಯಿಗಳ ಜೊತೆ ಕರುಳು ಕಿತ್ತಾಡುವ ಭೈರನನ್ನು, ಹಣೆಯ ವಿಭೂತಿ ಸಮೇತ, ಅವಳೇ ಕಂಡಿದ್ದಳು. ಮನೆಯಲ್ಲಿ ಹೇಳಿಯೂ ಇದ್ದಳು. ನಂಬಿದವರು ಯಾರು? ಭೈರನಿಗೆ ಕೈಯಾರೆ ರೊಟ್ಟಿ ತಿನ್ನಿಸಿ, ಅದೇ ಕೈಯಲ್ಲಿ ಅನ್ನದಾನಮ್ಮ ತಾವೂ ರೊಟ್ಟಿ ಮುರಿಯುತ್ತಿದ್ದರು.

ಮಾಂಸ ಮುಟ್ಟದ ಮನೆಗೂ ಈ ರೋಗ ಬರುತ್ತದೆಂಬ ಅವಳ ವಾದಕ್ಕೆ ಸಾಕ್ಷಿ ತೋರಿಸು ಎಂದು ಮಾರ್ಗದರ್ಶಕರು ಕೇಳುತ್ತಲೇ ಇದ್ದರು. ಸಾಕ್ಷಿ ಈಗ ಕಣ್ಣೆದುರಿಗೇ ಇತ್ತು. ಅತ್ತೆಯ ಹೆಸರು ಹಾಕದೆ ಪ್ರಬಂಧದಲ್ಲಿ ಬರೆಯುತ್ತೇನೆಂದು ಗಂಡನನ್ನು ಬೇಡಿಕೊಂಡಳು.

“ಹೆಸರಿಲ್ಲಂದ್ರ ಊರಿಗೆ ತಿಳಿಯೂದಿಲ್ಲೇನು?” ಎಂದ ಗವಿಸಿದ್ದೇಶ್. “ಈ ಮನ್ಯಾಗ ಕದ್ದು ಮಾಂಸ ತಿಂತಾರ ಅಂತಾರ. ಸುಮ್ನಿರು.”

ಆಪರೇಷನ್ನಿಗೆ ಹೊರಡುವ ಮುಂಜಾನೆ ಬಾಗಿಲಲ್ಲಿ ಕಾರು ಬಂದು ನಿಂತರೂ ಅನ್ನದಾನಮ್ಮ ಹೊಸ್ತಿಲು ಬಿಟ್ಟು ಏಳಲಿಲ್ಲ.

“ಲಿಂಗ ಮುಟ್ಟಿ ಹೇಳು. ಈ ಹುಳದ ಕೆಲಸ ಬಿಡ್ತೀನಿ, ಅತ್ತಿ ರೋಗದ ಮಾತು ಯಾರ ಮುಂದೂ ಎತ್ತೂದಿಲ್ಲ ಅಂತ. ಇಲ್ಲಂದ್ರ ನಾ ಇಲ್ಲೇ ಸಾಯ್ತೀನಿ!”

“ಅತ್ತೀ, ಗುಳ್ಳಿ ಒಳಗ ಒಡದ್ರ ಜೀವಕ್ಕ ಅಪಾಯ ಐತ್ರಿ... ನಿಮ್ಮ ಕಾಲಿಗೆ ಬೀಳ್ತೀನಿ, ಏಳ್ರಿ!”

“ಮೊದಲು ಹೇಳು.”

ಶಾಂಭವಿಯ ಕೈ ಕೊರಳಲ್ಲಿದ್ದ ಲಿಂಗದ ಮೇಲೆ ಹೋಯಿತು. “ಬಿಟ್ಟೆ ಅತ್ತೀ... ಎಲ್ಲಾ ಬಿಟ್ಟೆ. ಏಳ್ರಿ.”

ಆಪರೇಷನ್ ಸುಸೂತ್ರವಾಯಿತು. ಡಾಕ್ಟರು ಗುಳ್ಳೆಯನ್ನು ಸೀಸೆಯಲ್ಲಿ ತಂದು, “ನಿಮ್ಮ ಅಧ್ಯಯನಕ್ಕೆ ಬೇಕಲ್ಲವೇ?” ಎಂದಾಗ “ಬ್ಯಾಡ್ರಿ” ಎಂದು ಮುಖ ತಿರುಗಿಸಿ, ಆಸ್ಪತ್ರೆಯ ಮೂಲೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಓಣಿಗೆ ಪಿತ್ತದ ಕಲ್ಲು ತೆಗೆಸಿದ್ದೆಂದು ಹೇಳಿದ್ದಾಯಿತು. ಸೂಕ್ಷ್ಮದರ್ಶಕ ಅಟ್ಟ ಸೇರಿತು. ಭೈರನಿಗೆ ಹುಳದ ಗುಳಿಗೆಯನ್ನೇನೋ ಹಾಕಿದಳು; ಅದು ಮತ್ತೆ ಅಂಗಡಿಯ ಹಿಂದೆ ಹೋಗುವುದನ್ನು ತಡೆಯುವವರು ಯಾರು?

ಒಂದು ಸಂಜೆ ಪಕ್ಕದ ಮನೆಯ ಪುಟ್ಟ ಅಮೃತಾ ಕಟ್ಟೆಯ ಮೇಲೆ ಕೂತು ಭೈರನಿಗೊಂದು ತುತ್ತು, ತನಗೊಂದು ತುತ್ತು ರೊಟ್ಟಿ ಹಂಚುತ್ತಿದ್ದಳು. ಶಾಂಭವಿ ಓಡಿ ಬಂದಳು.

“ನಾಯಿ ಮುಟ್ಟಿದ ಕೈಲಿ ತಿನಬ್ಯಾಡ ಮಗಳ!”

“ಯಾಕವ್ವ?” ಎಂದಳು ಹುಡುಗಿಯ ತಾಯಿ ನಾಗಲಿಂಗಮ್ಮ. “ನಿಮ್ಮ ಅತ್ತೀನೂ ದಿನಾ ಹಿಂಗ ಉಣಸ್ತಿದ್ರಲ್ಲ. ಅವರಿಗೇನಾಗೇತಿ?”

ಶಾಂಭವಿ ಬಾಗಿಲಲ್ಲಿ ಕೂತಿದ್ದ ಅತ್ತೆಯತ್ತ ನೋಡಿದಳು. ಒಂದೇ ಒಂದು ಮಾತು... ಆಕೆ ಆಡಿದರೆ ಸಾಕಿತ್ತು! ಅನ್ನದಾನಮ್ಮನವರ ಕೈ ಸೆರಗಿನ ಕೆಳಗೆ ಹೊಲಿಗೆಯ ಗಾಯವನ್ನು ಸವರಿತು.

ಶಾಂಭವಿ ಹುಡುಗಿಯನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನೀರು ಸುರಿದಳು. ಹಿಂದಿನಿಂದ ಅನ್ನದಾನಮ್ಮ ನಿಧಾನವಾಗಿ ಬಂದು ಸೋಪು ಕೊಟ್ಟರು.

“ಉಗುರಿನ ಸಂದ್ಯಾಗೂ ತೊಳಿ,” ಎಂದರು ಮೆಲ್ಲಗೆ.

ಕೊಟ್ಟದ್ದು ಸೋಪು ಮಾತ್ರ. ಲಿಂಗ ಮುಟ್ಟಿಸಿ ತೆಗೆದುಕೊಂಡ ಮಾತನ್ನು ಆಕೆ ಹಿಂದಕ್ಕೆ ಕೊಡಲಿಲ್ಲ.